ಗಿರಣಿಗೆ ಹಾಕಿಸಿದ ಕನ್ನಡಿಯಂಥ ನೆಲ

ಕೆಲಸ ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳುತ್ತಾರೆ. ನಾನು ಯಾರನ್ನೂ ಕೇಳಲಿಲ್ಲ. ಏಕೆಂದರೆ ನಾನು ಮ್ಯಾನೇಜರು!

ಎಪ್ಪತ್ತರ ದಶಕದಲ್ಲಿ ರಾಯಚೂರಿನ ಒಂದು ಶೇಂಗಾ ಎಣ್ಣೆ ಗಿರಣಿಯಲ್ಲಿ ಆ ಪದವಿಯನ್ನು ಅಲಂಕರಿಸಿದ್ದೆ. ಗಿರಣಿಯ ಸಿಮೆಂಟು ನೆಲ ಮಾತ್ರ ಗುಂಡಿಗಳ ಲೆಕ್ಕದಲ್ಲಿ ಮಾನ್ವಿ ರಸ್ತೆಯ ಜೊತೆ ಪೈಪೋಟಿಗೆ ಇಳಿದಿತ್ತು. ಒಂದು ದಿನ ಹಮಾಲರ ಹಿರಿಯ ಮೆಹಬೂಬಸಾಬ ಮೂಟೆ ಹೊತ್ತುಕೊಂಡೇ ಗುಂಡಿಯಲ್ಲಿ ಕಾಲಿಟ್ಟು ಬಿದ್ದ. ಸೊಂಟ ಹಿಡಿದುಕೊಂಡು ಎದ್ದವನೇ, "ನೆಲ ಸರಿ ಆಗೋತನಕ ಒಂದ್ ಮೂಟಿ ಎತ್ತಂಗಿಲ್ರೀ ಸಾಬ್" ಎಂದ. ಹಮಾಲರೆಲ್ಲ ಹೋಗಿ ಬೇವಿನ ಗಿಡದ ಕೆಳಗೆ ಕೂತರು.

ಅಂಗಳದ ತುಂಬ ಶೇಂಗಾ ಬಂದು ಬಿದ್ದಿತ್ತು. ಸಾಹುಕಾರ ಬಸವಂತಪ್ಪನವರು ನನ್ನನ್ನು ಕರೆದರು.

"ನೆಲ ಸರಿ ಮಾಡಸ್ರಿ. ಆಗಂಗಿಲ್ಲಂದ್ರ ಪೋತ್ನಾಳದಾಗ ನಿಮ್ಮ ಮಾವನ ಕಿರಾಣಿ ಅಂಗಡಿ ಅದಲ್ಲ, ಅಲ್ಲಿ ಕೂತು ಬೆಲ್ಲ ತೂಗ್ರಿ."

ಮಾವನ ಕೈಕೆಳಗೆ ಬೆಲ್ಲ ತೂಗುವುದೇ! ನನ್ನ ಮದುವೆಯಾದಂದಿನಿಂದ ಆ ಮನುಷ್ಯ ಅದಕ್ಕೇ ಕಾಯುತ್ತಿದ್ದ. ಮನೆಗೆ ಬಂದು ಹೆಂಡತಿ ಶಾಂತವ್ವನ ಮುಂದೆ ನನ್ನ ಯೋಜನೆ ಮಂಡಿಸಿದೆ.

"ದೇವದುರ್ಗದಾಗ ನಮ್ಮಕ್ಕನ ಮನಿ ಪಡಸಾಲಿ ನೋಡೀಯಲ್ಲ? ಕೆಂಪು ಕಾವಿ ನೆಲ. ಬಗ್ಗಿದ್ರ ಮುಖ ಕಾಣ್ತದ! ಗಿರಣಿಗೂ ಅದನ್ನ ಹಾಕಸ್ತೀನಿ."

"ಹಮಾಲರು ಗಿರಣಿಗಿ ಮುಖ ನೋಡ್ಕೊಳ್ಳಾಕ ಬರ್ತಾರೇನ್ರಿ?"

"ನಿನಗ ತಿಳಿಯಂಗಿಲ್ಲ, ಸುಮ್ನಿರು."

ಸುಮ್ಮನಾದಳು. ಅವಳು ಅಷ್ಟು ಸುಲಭವಾಗಿ ಸುಮ್ಮನಾದಾಗಲೇ ನನಗೆ ಹೆದರಿಕೆಯಾಗಬೇಕಿತ್ತು.

ಗುಂಡಿ ಮುಚ್ಚಿಸಿ, ಮೇಲೆ ಕಾವಿ ಹಾಕಿಸಿ, ನೀರುಣಿಸಿ, ಕಡೆಗೆ ಮೇಣ ಹಚ್ಚಿ ಉಜ್ಜಿಸಿದೆ. ನೆಲ ಫಳಫಳ ಹೊಳೆಯಿತು! ಉದ್ಘಾಟನೆಯ ದಿನ ಸಾಹುಕಾರರು ತೆಂಗಿನಕಾಯಿ ಒಡೆದರು. ಹಮಾಲರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು, ಅಲ್ಲೇ ನಿಂತರು.

"ಒಳಗ ಬರ್ರಿ," ಎಂದೆ.

"ದರ್ಗಾ ಇದ್ದಂಗ ಅದ ಸಾಬ್. ಕಾಲಿಡಾಕ ಮನಸಾಗವಲ್ದು," ಎಂದ ಮೆಹಬೂಬಸಾಬ. ನಾನು ಉಬ್ಬಿಹೋದೆ. ಅವನು ಮೆಲ್ಲಗೆ ಸೊಂಟ ಸವರಿಕೊಂಡ. "ಮೊದಲ ನೀವ್ ನಡದು ತೋರಸ್ರಿ."

ಮ್ಯಾನೇಜರು ಹಿಂಜರಿಯಬಹುದೇ? ಅರ್ಧ ಮೂಟೆ ಶೇಂಗಾ ಬೆನ್ನಿಗೇರಿಸಿಕೊಂಡು, ಬರಿಗಾಲಲ್ಲಿ, ಗಂಭೀರವಾಗಿ ಹೊರಟೆ. ಒಡೆದ ಕಾಯಿಯ ನೀರು ನೆಲದ ಮೇಲೆ ಹರಿದಿತ್ತು. ಅದು ಕಂಡದ್ದು ನನ್ನ ಕಾಲಿಗೆ, ಕಣ್ಣಿಗಲ್ಲ. ಮೂಟೆ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಹೋದೆ. ಹೋಗುವ ದಾರಿಯಲ್ಲಿ ಕೈಗೆ ಸಿಕ್ಕದ್ದು ಸಾಹುಕಾರರ ಧೋತರ! ಇಬ್ಬರೂ ಜೊತೆಯಾಗಿ ಜಾರುತ್ತ ಎದುರು ಗೋಡೆಗೆ ತಲುಪಿದೆವು. ನೆಲದಲ್ಲಿ ಇಬ್ಬರ ಮುಖವೂ ಸ್ಪಷ್ಟವಾಗಿ ಕಾಣುತ್ತಿತ್ತು. ಸಾಹುಕಾರರದು ನೆಲಕ್ಕಿಂತ ಕೆಂಪಗಿತ್ತು.

"ಪೋತ್ನಾಳದ ಬಸ್ ಎಷ್ಟಕ್ಕ ಅದಪಾ?" ಎಂದು ಅವರು ಕೂತಲ್ಲಿಂದಲೇ ಯಾರನ್ನೋ ಕೇಳಿದರು.

ನನ್ನನ್ನು ಉಳಿಸಿದವನು ಮೆಹಬೂಬಸಾಬ. "ಹೋಗ್ಲಿ ಬಿಡ್ರಿ ಮಾಲಕ್. ಬೀಸುಕಲ್ಲು ನುಣ್ಣಗಾದ್ರ ಉಳೀಲೆ ಕುಟ್ಟಿ ಉರುಟು ಮಾಡ್ತಾರಲ್ಲ, ಹಂಗ ಇದನ್ನೂ ಕುಟ್ಟಿದ್ರ ಆತು."

"ಕುಟ್ಟೋರ್ಯಾರು?" ಎಂದರು ಸಾಹುಕಾರರು.

ಎಲ್ಲರೂ ನನ್ನ ಕಡೆ ನೋಡಿದರು. ಅಷ್ಟು ಒಗ್ಗಟ್ಟನ್ನು ಆ ಗಿರಣಿಯಲ್ಲಿ ನಾನು ಹಿಂದೆಂದೂ ಕಂಡಿರಲಿಲ್ಲ.

ಮ್ಯಾನೇಜರ್ ಸಾಹೇಬರು ಮೊಣಕಾಲೂರಿ ಕೂತು ತಾವೇ ಹೊಳೆಸಿದ ನೆಲವನ್ನು ಇಂಚಿಂಚಾಗಿ ಕುಟ್ಟಿದರು. ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಹಮಾಲರು ಚಪ್ಪಲಿ ಮೆಟ್ಟಿಕೊಂಡು ಧಾರಾಳವಾಗಿ ಓಡಾಡಿದರು, ಒಬ್ಬನೂ ಜಾರಲಿಲ್ಲ. ನೌಕರಿ ಉಳಿಯಿತು, ಮರ್ಯಾದೆಯ ಮಾತು ಬೇಡ.

ಕುಟ್ಟುವ ಕೆಲಸದ ಕೊನೆಯ ದಿನ ಬುತ್ತಿ ತಂದ ಶಾಂತವ್ವ ಬಾಗಿಲಲ್ಲಿ ನಿಂತು ನನ್ನ ಉಳಿಯ ಏಟುಗಳನ್ನು ನೋಡಿದಳು.

"ಕೈ ಚಲೋ ಕುಂತದರೀ ನಿಮಗ. ಮನಿಗಿ ಬರೂವಾಗ ಆ ಉಳಿ ತರ್ರಿ."

"ಯಾಕ?"

"ಸುಮ್ನ ತರ್ರಿ."

ತಂದೆ. ನಮ್ಮ ಕಟ್ಟೆಯ ಮೇಲೆ ಓಣಿಯ ಬೀಸುಕಲ್ಲುಗಳೆಲ್ಲ ಸಾಲಾಗಿ ಕೂತಿದ್ದವು. ಎದುರುಮನೆಯ ಗೌರವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತು ಬಹಳ ಗೌರವದಿಂದ ಕೂಗಿದಳು:

"ಬರ್ರಿ ಬರ್ರಿ ಮ್ಯಾನೇಜರ್ ಸಾಹೇಬ್ರ! ಮೊದಲ ನಮ್ದು!"