ಲೋಕನಾಥನ ಮಂಗಳವಾರದ ಕೇಸು

ಪುಣೆಯಲ್ಲಿ ನಾಲ್ಕು ಜನರ ಎದುರು ನಿಂತು "ನಾನು ಯೆರವಡಾಕ್ಕೆ ಹೋಗುತ್ತೇನೆ" ಎಂದು ಗಟ್ಟಿಯಾಗಿ ಹೇಳಬಾರದು. ಆ ಊರಿನ ಜನಕ್ಕೆ ಯೆರವಡಾ ಎಂದರೆ ಮೊದಲು ನೆನಪಾಗುವುದು ಜೈಲು, ಆಮೇಲೆ ಹುಚ್ಚಾಸ್ಪತ್ರೆ. ಇವೆರಡೂ ಅಲ್ಲದ ಕಾರಣಕ್ಕೆ ಅಲ್ಲಿಗೆ ಹೋಗುವ ಬಡಪಾಯಿಗಳೂ ಇದ್ದಾರೆ ಎಂದು ಯಾರ ತಲೆಗೂ ಹೊಳೆಯುವುದಿಲ್ಲ. ನಮ್ಮ ಲೋಕನಾಥ ಶೆಟ್ಟಿ ಅಂಥ ಬಡಪಾಯಿ.

ಲೋಕನಾಥ ಕಾನೂನು ಕಾಲೇಜಿನಲ್ಲಿ ಪಾಠ ಹೇಳುವವನು. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ವಿಚಾರಣೆ ಹೇಗೆ ನಡೆಯುತ್ತದೆ, ಹೇಗೆ ನಡೆಯಬೇಕು ಎಂಬುದು ಅವನ ಸಂಶೋಧನೆ. ಅದಕ್ಕಾಗಿ ಪ್ರತಿ ಮಂಗಳವಾರ ಯೆರವಡಾದ ಮಕ್ಕಳ ಕೋರ್ಟಿಗೆ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಹಾಗೆ ಕೂರಲು ಅನುಮತಿ ಸಿಕ್ಕಿದ್ದು ಒಂದೇ ಷರತ್ತಿನ ಮೇಲೆ: ಒಳಗೆ ಕಂಡದ್ದು, ಕೇಳಿದ್ದು, ಮಕ್ಕಳ ಹೆಸರು, ಯಾವುದೂ ಹೊರಗೆ ಬಾಯಿಬಿಡಬಾರದು. ಲೋಕನಾಥ ಆ ಷರತ್ತನ್ನು ಹಳೇ ಕಾಲದ ಅಜ್ಜಿಯರು ಮಡಿ ಕಾಪಾಡಿಕೊಂಡ ಹಾಗೆ ಕಾಪಾಡುತ್ತಿದ್ದ.

ಧಾನೋರಿ ಬಡಾವಣೆಯ ಅವನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕೆಳಗಿನ ಮನೆಯ ಚಂದಮ್ಮ ಪ್ರತಿ ವಾರ ಸಿಗುತ್ತಿದ್ದರು.

"ಎಲ್ಲಿಗ್ರಿ ಸರ, ಮುಂಜಾನೆ ಮುಂಜಾನೆ?"

"ಯೆರವಡಾಕ್ಕೆ. ಮಕ್ಕಳ ಕೋರ್ಟಿಗೆ."

"ಯವ್ವಾ! ಯಾರದ್ರಿ ಕೇಸು?"

"ಅದು ಹೇಳುವ ಹಾಗಿಲ್ಲ ಚಂದಮ್ಮ."

"ಹೋಗ್ಲಿ, ಏನು ಮಾಡಿದ್ದಂತ್ರಿ?"

"ಅದೂ ಹೇಳುವ ಹಾಗಿಲ್ಲ."

ಚಂದಮ್ಮ ಕೊಪ್ಪಳದ ಕಡೆಯವರು. ಗಂಡ ಹುಲಿಗೆಪ್ಪ ಗಾರೆ ಕೆಲಸಕ್ಕೆಂದು ಪುಣೆಗೆ ಬಂದು, ಗುತ್ತಿಗೆದಾರನಾಗಿ, ತಾನು ಕಟ್ಟಿದ ಕಟ್ಟಡದಲ್ಲೇ ಮನೆ ಕೊಂಡು, ಈಗ ಅಲ್ಲಿನ ನಿವಾಸಿಗಳ ಸೊಸೈಟಿಯ ಚೇರ್ಮನ್ನನೂ ಆಗಿದ್ದ. ಗಂಡ ಹೆಂಡತಿ ಕೂತು ಲೆಕ್ಕ ಹಾಕಿದರು. ಮಕ್ಕಳ ಕೋರ್ಟು ಅಂತಾನೆ. ಮದುವೆಯಿಲ್ಲ, ಮಕ್ಕಳಿಲ್ಲ. ಅಂದ ಮೇಲೆ ಕೇಸು ಸ್ವಂತದ್ದೇ. ಹುಡುಗನಾಗಿದ್ದಾಗ ಏನೋ ಮಾಡಿರಬೇಕು, ತಾರೀಖಿನ ಮೇಲೆ ತಾರೀಖು ಬಿದ್ದು ತಲೆಗೂದಲು ಉದುರುವವರೆಗೆ ಎಳೆದಿದೆ. ನಮ್ಮ ದೇಶದ ಕೋರ್ಟು ಕಚೇರಿ ಕಂಡವರು ಇದನ್ನು ನಂಬದೇ ಇರಲಾರರು.

ಸುದ್ದಿ ಎಲ್ಲಾ ಮಹಡಿ ಹತ್ತಿ ಇಳಿದು ಹಳಸಿಹೋಗಿದ್ದರೂ ಲೋಕನಾಥನಿಗೊಬ್ಬನಿಗೆ ಗೊತ್ತಿರಲಿಲ್ಲ. ಪಾರ್ಕಿಂಗಿಗಾಗಿ ದಿನಾ ಕುಸ್ತಿ ನಡೆಯುವ ಆ ಕಟ್ಟಡದಲ್ಲಿ ತನ್ನ ಜಾಗಕ್ಕೆ ಮಾತ್ರ ಯಾರೂ ಗಾಡಿ ತಂದು ನಿಲ್ಲಿಸುವುದಿಲ್ಲ, ತನ್ನನ್ನು ಕಂಡರೆ ಜನ ಸರಿದು ದಾರಿ ಬಿಡುತ್ತಾರೆ ಎಂಬುದನ್ನು ಅವನು ಗಮನಿಸಿದ್ದ. ವಿದ್ಯೆಗೆ ಇನ್ನೂ ಬೆಲೆಯಿದೆ ಎಂದು ಒಳಗೊಳಗೇ ಹಿಗ್ಗಿದ್ದ.

ಹೀಗಿರುವಾಗ ಆ ಭಾನುವಾರ ಬಂತು. ಅಂದು ಸಂಜೆ ವಿಮಾನ ನಗರದ ಹೋಟೆಲ್ ಮಾಲೀಕ ಮೋಹನದಾಸ ಶೆಟ್ಟರು ಮಗಳು ಪ್ರಣೀತಾಳ ಜೊತೆ ಸಂಬಂಧ ನೋಡಲು ಬರುವವರಿದ್ದರು. ಲೋಕನಾಥನಿಗೆ ಪ್ರಣೀತಾ ಹೊಸಬಳಲ್ಲ. ಕನ್ನಡ ಸಂಘದಲ್ಲಿ ಅವನು ಮಕ್ಕಳ ಕೋರ್ಟಿನ ಬಗ್ಗೆ ಭಾಷಣ ಮಾಡಿದ ದಿನ ಸಭೆಗೆ ಸಭೆಯೇ ತೂಕಡಿಸುತ್ತಿದ್ದಾಗ, ಎದ್ದು ನಿಂತು ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಆಮೇಲೆ ಚಹಾ ಕುಡಿಯುವಾಗಲೂ ಕೇಳಿದ್ದಳು, ಅರ್ಧಕ್ಕರ್ಧ ಪ್ರಶ್ನೆಗೆ ಇವನ ಉತ್ತರ "ಹೇಳುವ ಹಾಗಿಲ್ಲ" ಎಂದೇ ಇತ್ತು. ಅವತ್ತಿನಿಂದ ಬೇರೆ ಹುಡುಗಿಯ ಫೋಟೊ ತೋರಿಸಿದರೆ ಇವನಿಗೆ ಊಟ ಸೇರುತ್ತಿರಲಿಲ್ಲ. ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಸಂಶೋಧನೆಯೇ ಗತಿ ಎಂದು ಅಮ್ಮ ಪ್ರಫುಲ್ಲಮ್ಮನಿಗೆ ಖಂಡಿತವಾಗಿ ಹೇಳಿಬಿಟ್ಟಿದ್ದ.

ಬೆಳಿಗ್ಗೆ ಅಮ್ಮ ಹೂವು ಹಣ್ಣಿಗೆಂದು ಕಳಿಸಿದಾಗ ಗೇಟಿನ ಹತ್ತಿರ ಹುಲಿಗೆಪ್ಪ ಅವನ ಎರಡೂ ಕೈ ಹಿಡಿದುಕೊಂಡ.

"ಸರ, ಹೆದರಬ್ಯಾಡ್ರಿ. ನಾವದೀವಿ."

"ಯಾಕೆ? ಎಂತ ಆಯ್ತು?"

"ನಿನ್ನೆ ಹುಡುಗಿ ಅಪ್ಪ ಫೋನ್ ಮಾಡಿದ್ರು, ಹುಡುಗ ಹೆಂಗ ಅಂತ. ನಮ್ಮಾಕಿ ಭಾಳ ಮರ್ಯಾದಿಲೆ ಹೇಳ್ಯಾಳ್ರಿ. ಕೇಸ್ ಅದ, ಖರೆ. ಆದ್ರ ಹುಡುಗ ಬಂಗಾರ. ಇವತ್ತಿನ ತನಕ ಒಂದು ತಾರೀಖೂ ತಪ್ಪಿಸಿಲ್ಲ ಅಂತ."

ಲೋಕನಾಥನ ಕೈಚೀಲ ನೆಲಕ್ಕೆ ಬಿತ್ತು. "ಯಾವ ಕೇಸು ಮಾರಾಯ್ರೆ?"

"ಇನ್ನ ನಮ್ಮ ಮುಂದ ಯಾಕ್ರಿ ಮುಚ್ಚೋದು? ನೀವು ಸಣ್ಣಾವರಿದ್ದಾಗಿಂದು. ಮರ್ಡರ್ ಇರ್ಲಿಕ್ಕಿಲ್ಲ ಅಂತ ನಾ ಎಲ್ಲಾರಿಗೂ ಹೇಳೀನಿ. ಮ್ಯಾಲಿನ ಮನಿ ಅವಿನಾಶ್ ಸಾಹೇಬ್ರು ಮಾತ್ರ ಇರಬಹುದು ಅಂತಾರ."

ಹೂವು ಹಣ್ಣು ಮರೆತು ಲೋಕನಾಥ ಮೆಟ್ಟಿಲು ಹಾರಿ ಚಂದಮ್ಮನ ಮನೆಗೆ ಓಡಿದ. ಆಕೆ ಹೋಳಿಗೆಗೆ ಕಣಕ ನಾದುತ್ತಿದ್ದರು. ಹೋಳಿಗೆ ಇವನ ಮನೆಗೇ, ಬೀಗರಾಗುವವರಿಗೆ.

"ಚಂದಮ್ಮ, ನನ್ನ ಮೇಲೆ ಯಾವ ಕೇಸೂ ಇಲ್ಲ!"

"ಎಲ್ಲಾರೂ ಹಂಗ ಅಂತಾರ್ರಿ ಸರ."

"ನಾನು ಅಲ್ಲಿಗೆ ಹೋಗುವುದು ನೋಡಲಿಕ್ಕೆ. ಸಂಶೋಧನೆಗೆ!"

"ಇರ್ಲಿ, ನೋಡ್ಲಿಕ್ಕೇ ಹೋಗ್ರಿ." ಚಂದಮ್ಮ ಹಿಟ್ಟಿನ ಕೈಯನ್ನೇ ಎತ್ತಿ ಗದರಿದರು. "ಇವತ್ತ ಒಂದ್ ದಿನ ಬಾಯಿ ಮುಚ್ಕೊಂಡು ಕೂಡ್ರಿ. ಅವರು ಏನ್ ಕೇಳಿದ್ರೂ ಲಿಫ್ಟ್‌ನ್ಯಾಗ ನನಗ ಹೇಳ್ತೀರಲ್ಲ, ಹಂಗ ಹೇಳ್ರಿ. ಎಲ್ಲಾ ಚೊಲೋ ಆಗ್ತದ. ಆ ಹುಡುಗಿ ಭಾಳ ಶಾಣ್ಯಾ ಅದಾಳ."

ಹುಡುಗಿಯ ವಿಷಯ ಈಕೆಗೆ ಹೇಗೆ ಗೊತ್ತು ಎಂದು ಕೇಳುವಷ್ಟು ವ್ಯವಧಾನ ಅವನಿಗಿರಲಿಲ್ಲ. ಹೊರಗೆ ಬಂದರೆ ಅವಿನಾಶ್ ಸಾಹೇಬರು ಎದುರಾದರು. ಅವರು ಮರಾಠಿಯಲ್ಲಿ "ಕಾಳಜಿ ಕರೂ ನಕಾ ಸರ್" ಎಂದು ಸಮಾಧಾನ ಹೇಳಿ, ತಾವೂ ಹುಡುಗನಾಗಿದ್ದಾಗ ಒಂದು ಸೈಕಲ್ ಕದ್ದದ್ದಾಗಿಯೂ, ಸಿಕ್ಕಿಬೀಳದ ಕಾರಣ ಬ್ಯಾಂಕ್ ಮ್ಯಾನೇಜರ್ ಆದದ್ದಾಗಿಯೂ ಬೆನ್ನು ತಟ್ಟಿ ಹೇಳಿದರು. ಬೇರೆ ದಿನವಾಗಿದ್ದರೆ ಲೋಕನಾಥ ಅವರನ್ನು ಕೂರಿಸಿಕೊಂಡು ಸಂದರ್ಶನ ಮಾಡುತ್ತಿದ್ದ. ಇವತ್ತು ಕೈಮುಗಿದು ಓಡಿದ.

ಸಂಜೆಯವರೆಗೆ ಅವನು ಬಾಗಿಲು ಬಾಗಿಲು ತಟ್ಟಿ ತಾನು ನಿರಪರಾಧಿ ಎಂದು ಸಾರಿದ. ಸಾರಿದಷ್ಟೂ ಜನರ ಅನುಮಾನ ಗಟ್ಟಿಯಾಯಿತು. ಕಡೆಗೆ ಅಮ್ಮ, "ಲೋಕು, ನೀನು ಮೊದಲು ಸ್ನಾನ ಮಾಡು. ಬೆವರು ವಾಸನೆ ಬರ್ತಾ ಉಂಟು. ಕೊಲೆಗಾರ ಆದ್ರೂ ನಡೀತದೆ, ಕೊಳಕ ಆಗ್ಬೇಡ" ಎಂದು ಬಚ್ಚಲಿಗೆ ಅಟ್ಟಿದಳು.

ಶೆಟ್ಟರ ಕಾರು ಬಂದಾಗ ಲೋಕನಾಥ ಇಸ್ತ್ರಿ ಅಂಗಿ ತೊಟ್ಟು ಗೇಟಿನಲ್ಲೇ ನಿಂತಿದ್ದ. ಮೋಹನದಾಸ ಶೆಟ್ಟರು ಇಳಿದರು, ಹಿಂದೆ ಪ್ರಣೀತಾ ಇಳಿದಳು. ಅವಳು ನಕ್ಕಳು, ಇವನಿಗೆ ಜೀವ ಬಂತು. ಅದೇ ಹೊತ್ತಿಗೆ ಖಾಕಿ ಯೂನಿಫಾರ್ಮಿನ ಆಸಾಮಿಯೊಬ್ಬ ಬೈಕಿನಲ್ಲಿ ಬಂದು ಕಾಲೂರಿದ. ಮಕ್ಕಳ ಕೋರ್ಟಿನ ಹೊರಗೆ ಕಾವಲಿರುವ ಕಾನ್‌ಸ್ಟೇಬಲ್ ಭುಜಂಗ. ಅವನ ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ.

"ಸರ್, ತುಮಚಾ ಡಬಾ!" ಭುಜಂಗ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದ. ಹೋದ ಮಂಗಳವಾರ ಮರೆತುಬಂದ ಡಬ್ಬಿಯನ್ನು ಪಾಪ ಡ್ಯೂಟಿಗೆ ಹೋಗುವ ದಾರಿಯಲ್ಲಿ ತಂದಿದ್ದ. ಹೊರಡುವಾಗ "ಮಂಗಳವಾರೀ ಭೇಟೂ", ಮಂಗಳವಾರ ಸಿಗೋಣ, ಎಂದು ಸಲಾಮು ಬೇರೆ ಹೊಡೆದ.

ಬಾಲ್ಕನಿಗಳಲ್ಲಿ ನಿಂತವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡರು. ಮೋಹನದಾಸ ಶೆಟ್ಟರ ಕಣ್ಣು ಮಿನುಗಿತು. "ಪೊಲೀಸರದ್ದು ಭಾರೀ ಪರಿಚಯ ಉಂಟು ಕಾಣ್ತದೆ?" ಎಂದರು. ಕೋಪಕ್ಕೇ ಮಿನುಗಿದ್ದು ಎಂದುಕೊಂಡ ಲೋಕನಾಥ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಮೆಟ್ಟಿಲು ಹತ್ತಿದ.

ಹೋಳಿಗೆ ಬಂತು, ಕಾಫಿ ಬಂತು. ಅಡುಗೆಮನೆಯ ಬಾಗಿಲಲ್ಲಿ ಸಹಾಯಕ್ಕೆಂದು ಬಂದ ಚಂದಮ್ಮ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು. ಮೋಹನದಾಸ ಶೆಟ್ಟರು ಬಾಯಿ ಒರೆಸಿಕೊಂಡು ಮೃದುವಾಗಿ ಹೇಳಿದರು:

"ಲೋಕನಾಥರೆ, ನಿಮ್ಮ ಕೋರ್ಟಿನ ವಿಷಯ ನಮ್ಗೆ ಗೊತ್ತುಂಟು. ನೀವು ಎಂತದೂ ಹೇಳುದು ಬೇಡ."

ಆರೋಪಿಗೆ ಸುಮ್ಮನಿರುವ ಹಕ್ಕಿದೆ, ಅದನ್ನು ಬಳಸಿಕೊಂಡವನೇ ಜಾಣ ಎಂದು ಪ್ರತಿ ವರ್ಷ ಹುಡುಗರಿಗೆ ಪಾಠ ಮಾಡುವ ಮನುಷ್ಯ ಇವನು. ಎದುರಿಗೆ ಕೂತವರೇ ಆ ಹಕ್ಕನ್ನು ತಟ್ಟೆಯಲ್ಲಿಟ್ಟು ಕೊಟ್ಟರೂ ಒಲ್ಲೆ ಅಂದ.

"ಇಲ್ಲ, ಹೇಳಲೇಬೇಕು!" ಎಂದು ಎದ್ದೇ ನಿಂತ.

ಪ್ರಣೀತಾ ಕೆಮ್ಮಿದಳು. ಅವಳಿಗೆ ನೀರು ಕೊಟ್ಟು ಮುಂದುವರಿಸಿದ. ಅವಳು ಚಮಚ ಬೀಳಿಸಿದಳು. ಎತ್ತಿಕೊಟ್ಟು ಮುಂದುವರಿಸಿದ. ಕಣ್ಣರಳಿಸಿ ತಲೆಯಾಡಿಸಿದಳು. ಪಾಪ, ನನ್ನ ಪರವಾಗಿ ಎಷ್ಟು ಚಡಪಡಿಸುತ್ತಿದ್ದಾಳೆ ಎಂದು ಇವನಿಗೆ ಇನ್ನಷ್ಟು ಹುರುಪು ಬಂತು. ತಾನು ಕಾನೂನು ಪ್ರಾಧ್ಯಾಪಕ, ಕೋರ್ಟಿಗೆ ಹೋಗುವುದು ಅಧ್ಯಯನಕ್ಕೆ, ಜೀವಮಾನದಲ್ಲಿ ಕೆಂಪು ಸಿಗ್ನಲ್ ಕೂಡ ದಾಟಿದವನಲ್ಲ ಎಂದು ಒಂದೇ ಉಸಿರಿಗೆ ಹೇಳಿ, ಒಳಗಿನಿಂದ ತನ್ನ ಪಿಎಚ್‌ಡಿ ಪ್ರಬಂಧ ತಂದು ಶೆಟ್ಟರ ತೊಡೆಯ ಮೇಲಿಟ್ಟ. ಅಡುಗೆಮನೆಯಲ್ಲಿ ಚಂದಮ್ಮನ ಕೈಯಿಂದ ಸೌಟು ಬಿತ್ತು.

ಶೆಟ್ಟರು ಆ ದಪ್ಪ ಪುಸ್ತಕವನ್ನು ನೋಡಿದರು, ಇವನನ್ನು ನೋಡಿದರು.

"ಅಂದ್ರೆ ನೀವು ಕಾಲೇಜಿನಲ್ಲಿ ಕ್ಯಾಂಟೀನು ನಡೆಸುದಲ್ವಾ?"

"ಕ್ಯಾಂಟೀನಾ?"

"ಶೆಟ್ಟರ ಹುಡುಗ ಪುಣೆಯಲ್ಲಿ ಕಾಲೇಜಿನಲ್ಲಿ ಇದ್ದಾನೆ ಅಂದ್ರೆ ಬೇರೆ ಎಂತ ಎಣಿಸುದು ಮಾರಾಯ್ರೆ?" ಶೆಟ್ಟರ ದನಿ ಬಿದ್ದುಹೋಗಿತ್ತು. "ಚಿಕ್ಕಂದಿನಲ್ಲಿ ಯಾರಿಗಾದ್ರೂ ಒಂದು ಪೆಟ್ಟು? ಒಂದು ಹಲ್ಲು ಉದುರಿಸಿದ್ದು?"

"ದೇವರಾಣೆ ಇಲ್ಲ."

"ಆ ಪೊಲೀಸು?"

"ಅವರಿಗೆ ನಾನು ತರಬೇತಿ ಶಿಬಿರದಲ್ಲಿ ಭಾಷಣ ಮಾಡುವುದು."

ಮೋಹನದಾಸ ಶೆಟ್ಟರು ಪ್ರಬಂಧವನ್ನು ಮೆಲ್ಲಗೆ ಟೀಪಾಯಿಯ ಮೇಲೆ ಇಟ್ಟರು. ಮನೆಯಲ್ಲಿ ಸಾವಾದವರ ದನಿಯಲ್ಲಿ ತಮ್ಮ ಕಥೆ ಹೇಳಿದರು. ಅವರ ದೊಡ್ಡ ಅಳಿಯ ಮಿಥುನನೂ ಪ್ರೊಫೆಸರನೇ. ಒಂದು ಸಲ ಹೋಟೆಲಿನಲ್ಲಿ ಕುಡುಕನೊಬ್ಬ ಬಾಟಲಿ ಎತ್ತಿಕೊಂಡು ಗಲ್ಲಾಕ್ಕೆ ನುಗ್ಗಿದಾಗ, ಇದು ಅವನ ತಪ್ಪಲ್ಲ, ಸಮಾಜದ ತಪ್ಪು ಎಂದು ವಿವರಿಸುತ್ತ ಮಿಥುನ ಹಿಟ್ಟು ರುಬ್ಬುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಿದ್ದನಂತೆ. ಪೊಲೀಸರು ಬಂದು ಕರೆದರೂ ಹೊರಗೆ ಬರಲಿಲ್ಲವಂತೆ.

"ಹೋಟೆಲು ಅಂದ್ರೆ ದಿನಾ ಲೊಡ್ಡೆ, ಗಲಾಟೆ. ಖಾಕಿ ಕಂಡ್ರೆ ನಡುಗದ ಹುಡುಗ ಬೇಕು ಅಂತ ನಾಲ್ಕು ವರ್ಷದಿಂದ ಹುಡುಕ್ತಾ ಇದ್ದೇನೆ. ಕೋರ್ಟು ಕಂಡವ, ಇಷ್ಟು ಒಳ್ಳೆ ಹುಡುಗ ಸಿಕ್ಕಿದನಲ್ಲ ಅಂತ ಬೆಳಿಗ್ಗೆ ದೇವರಿಗೆ ತೆಂಗಿನಕಾಯಿ ಒಡೆಸಿ ಬಂದೆ. ಇಲ್ಲಿ ನೋಡಿದ್ರೆ ಪೊಲೀಸರೇ ಮನೆಗೆ ಡಬ್ಬಿ ತಂದುಕೊಟ್ರು, ಇನ್ನೂ ಖುಷಿ ಆಯ್ತು." ಶೆಟ್ಟರು ಎದ್ದರು. "ಕಲಿತ ಅಳಿಯ ಒಬ್ಬ ಸಾಕು ಮಾರಾಯ್ರೆ. ಆಯ್ತು, ಜಾತಕ ತೋರಿಸಿ ಹೇಳ್ತೇವೆ."

ಜಾತಕ ತೋರಿಸಿ ಹೇಳ್ತೇವೆ ಎಂದು ಹೋದವರು ಇವತ್ತಿನವರೆಗೆ ಯಾವ ಮನೆಗೂ ತಿರುಗಿ ಬಂದದ್ದಿಲ್ಲ. ಪ್ರಫುಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಲೋಕನಾಥ ಗರ ಬಡಿದವನಂತೆ ಅವರ ಹಿಂದೆಯೇ ಇಳಿದ. ಅಪ್ಪ ಕಾರಿನಲ್ಲಿ ಕೂತ ಮೇಲೆ, ಪರ್ಸು ಮರೆತೆ ಎಂದು ಪ್ರಣೀತಾ ವಾಪಸು ಮೆಟ್ಟಿಲಿನ ಬುಡಕ್ಕೆ ಬಂದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿಯಲ್ಲಿ ಬೆಂಕಿ.

"ನಿಮ್ಗೆ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ಇರ್ಲಿಕ್ಕೆ ಆಗ್ಲಿಲ್ವಾ?"

"ನಾನು... ನಿಜ ಹೇಳಿದೆ."

"ನಿಜ ನನಗೆ ಗೊತ್ತಿರ್ಲಿಲ್ವಾ? ನಿಮ್ಮ ಭಾಷಣ ಪೂರ್ತಿ ಕೇಳಿದವಳು ನಾನೊಬ್ಬಳೇ! ಮೇಷ್ಟ್ರು ಅಂದ್ರೆ ಅಪ್ಪ ಒಪ್ಪುದಿಲ್ಲ ಅಂತ ಅಳ್ತಾ ಕೂತಿದ್ದೆ. ನಿಮ್ಮ ವಿಷಯ ಕೇಳುವ ಅಂತ, ಕನ್ನಡ ಸಂಘದಲ್ಲಿ ಪರಿಚಯ ಇದ್ದ ಚಂದಮ್ಮನಿಗೆ ಫೋನ್ ಮಾಡಿದ್ರೆ, ಕೇಸುಂಟು ಅಂದ್ರು. ದೇವರೇ ದಾರಿ ತೋರಿಸಿದ ಅಂತ, ಅಪ್ಪ ಫೋನ್ ಮಾಡಿದಾಗ ಇದನ್ನೇ ಹೇಳಿ ಅಂತ ನಾನೇ ಅವರ ಕಾಲು ಹಿಡಿದೆ. ಕ್ಯಾಂಟೀನು ಅಂತ ಅಪ್ಪ ಎಣಿಸಿದಾಗ ಸುಮ್ಮನಿದ್ದೆ. ಧಾರೆ ಆದ ಮೇಲೆ ನಿಧಾನಕ್ಕೆ ಹೇಳುವ ಅಂತ ಇದ್ದೆ."

"ನನಗೆ ಒಂದು ಮಾತು ಮೊದಲೇ ಹೇಳಬಾರದಿತ್ತಾ?"

"ನಿಮ್ಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ, ಹೇಳಿದ್ರೆ ಕೆಡಿಸ್ತೀರಿ. ಸುಮ್ಮನಿರ್ಲಿಕ್ಕಾದ್ರೂ ಬರ್ತದೆ ಅಂತ ನಂಬಿದ್ದೆ. ಎಂತ ಕೇಳಿದ್ರೂ 'ಹೇಳುವ ಹಾಗಿಲ್ಲ' ಅನ್ನುವ ಮನುಷ್ಯ ಅಲ್ವಾ ನೀವು! ಆ ಮಾತಿಗೇ ನಾನು ಮೆಚ್ಚಿದ್ದು!"

ಕಾರಿನ ಹಾರ್ನು ಕೂಗಿತು. ಪ್ರಣೀತಾ ಸೆರಗಿನಿಂದ ಕಣ್ಣೊರೆಸಿಕೊಂಡು ತಿರುಗಿ ನೋಡದೆ ಹೋದಳು. ಕಾರು ಗೇಟು ದಾಟಿತು. ಈ ಕಟ್ಟಡದಲ್ಲಿ ಇನ್ನೊಂದು ನಿಮಿಷವೂ ಇರಲಾರೆ, ಎಲ್ಲಾದರೂ ಗಾಡಿ ಓಡಿಸಿಕೊಂಡು ಹೋಗಿಬಿಡೋಣ ಎಂದು ಲೋಕನಾಥ ತನ್ನ ಪಾರ್ಕಿಂಗ್ ಜಾಗದ ಕಡೆ ನಡೆದ.

ಅವನ ಸ್ಕೂಟರನ್ನು ಗೋಡೆಗೆ ಒತ್ತಿ ಸರಿಸಿ, ಅದರ ಅಡ್ಡಕ್ಕೆ ಅವಿನಾಶ್ ಸಾಹೇಬರ ಕಾರು ನಿಂತಿತ್ತು. ಅದರ ಹಿಂದೆ ಹುಲಿಗೆಪ್ಪ ತನ್ನ ಸಿಮೆಂಟಿನ ಟೆಂಪೊವನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಇವನ ಮೇಲೆ ಕೇಸೇ ಇಲ್ಲವಂತೆ ಎಂಬ ಸುದ್ದಿ ಸೌಟು ಬಿದ್ದ ಸದ್ದಿಗಿಂತ ಬೇಗ ಕೆಳಗಿಳಿದಿತ್ತು.

"ಏಯ್! ಅದು ನನ್ನ ಜಾಗ!" ಲೋಕನಾಥ ಜೀವಮಾನದಲ್ಲಿ ಮೊದಲ ಸಲ ಕಿರುಚಿದ. "ನಾನು ಯಾರು ಅಂತ ಗೊತ್ತುಂಟಾ?"

ಹುಲಿಗೆಪ್ಪ ಕಿಟಕಿಯಿಂದ ತಲೆ ಹೊರಹಾಕಿ, ಕನಿಕರದಿಂದ ನಕ್ಕ.

"ಗೊತ್ತಾತು ಬಿಡ್ರಿ ಸರ. ಪಾಪ, ಮಾಸ್ತರ್ರು."