ಬೆನ್ನಿನ ಜಿಪ್ಪು

ಚಕ್ರಪಾಣಿಗೆ ಮಡಿಯ ಹುಚ್ಚು ಇರದಿದ್ದರೆ ಈ ಫಜೀತಿಯೇ ಆಗುತ್ತಿರಲಿಲ್ಲ. ತಾತ ಮಠದಲ್ಲಿ, ಅಪ್ಪ ದೇವಸ್ಥಾನದಲ್ಲಿ, ಇವನು ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಆ ಮನೆಯವರು ಇನ್ನೊಬ್ಬರು ತೊಟ್ಟ ಬಟ್ಟೆ ಮುಟ್ಟಿದವರೇ ಅಲ್ಲ. ಬಸ್ಸಿನ ಸೀಟಿನ ಮೇಲೂ ಕರವಸ್ತ್ರ ಹಾಸಿ ಕೂರುವ ಈ ಮನುಷ್ಯನಿಗೆ ಸಮುದ್ರದ ತಳ ನೋಡುವ ಗ್ರಹಚಾರ ಬಂತು.

ಬಂದದ್ದು ಹೆಂಡತಿ ಹಂಸಾಳ ಕಡೆಯಿಂದ. ಅವಳ ತಮ್ಮ ಚಿರಂತನ ಮುರುಡೇಶ್ವರದ ಹತ್ತಿರ ಸ್ಕೂಬಾ ಡೈವಿಂಗ್‌ಗೆ ಮೂವರ ಹೆಸರೂ ಬರೆಸಿಬಿಟ್ಟಿದ್ದ. ಚಕ್ರಪಾಣಿಯೋ, ಟಿ. ನರಸೀಪುರದಲ್ಲಿ, ನಂಜನಗೂಡಿನಿಂದ ಹರಿದುಬರುವ ಕಪಿಲೆ ಇನ್ನೊಂದು ಹೊಳೆಯನ್ನು ಕೂಡುವ ಜಾಗದ ಪಕ್ಕದಲ್ಲೇ ಹುಟ್ಟಿ ಬೆಳೆದು, ಈಗಲೂ ಅಲ್ಲೇ ಮನೆ ಮಾಡಿಕೊಂಡಿದ್ದರೂ ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ನೀರು ಹುಯ್ದುಕೊಂಡವನು. ತಲೆ ಮುಳುಗಿಸಿದ್ದಿಲ್ಲ. ಮದುವೆಯಾದಾಗಿನಿಂದ ಹಂಸಾ ಎಲ್ಲಿಗೆ ಕರೆದರೂ ಒಂದು ನೆಪ ಹೇಳಿ ಜಾರಿಕೊಂಡಿದ್ದ. ಈ ಸಲ ಅವಳು ಜಗಳವನ್ನೇ ಆಡಲಿಲ್ಲ.

"ಬರಲ್ಲ ಅಂದ್ರೆ ಈಗಲೇ ಹೇಳಿಬಿಡಿ. ಇನ್ನು ಮೇಲೆ ನಿಮ್ಮನ್ನ ಎಲ್ಲಿಗೂ ಕರೆಯೋಲ್ಲ," ಎಂದು ತಣ್ಣಗೆ ಹೇಳಿ ಸೊಪ್ಪು ಬಿಡಿಸುತ್ತ ಕೂತಳು. ಆ ತಣ್ಣನೆಯ ದನಿಗೆ ಚಕ್ರಪಾಣಿಯ ಎದೆ ಧಸಕ್ಕೆಂದಿತು. ಬರುತ್ತೇನೆ ಎಂದ.

ಶಾಲೆಯ ಡ್ರಿಲ್ ಮೇಷ್ಟರು ಮರಿಸ್ವಾಮಿಗೆ ಗೊತ್ತಿಲ್ಲದ ವಿಷಯವಿಲ್ಲ. ಡೈವಿಂಗ್ ಮಾಡುವವರು ಕತ್ತಿನಿಂದ ಕಾಲಿನವರೆಗೆ ವೆಟ್‌ಸೂಟ್ ಎಂಬ ಕರೀ ರಬ್ಬರಿನ ಅಂಗಿ ತೊಡಬೇಕೆಂದೂ, ಬಾಡಿಗೆಗೆ ಕೊಡುವ ಸೂಟಿನೊಳಗೇ ಜನ ಉಚ್ಚೆ ಹೊಯ್ಯುತ್ತಾರೆಂದೂ ಆತ ತಿಳಿಸಿಕೊಟ್ಟ. ಚಕ್ರಪಾಣಿಗೆ ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ಸೈಬರ್ ಸೆಂಟರಿನಲ್ಲಿ ಕೂತು ಹುಡುಕಿದರೆ, ಹೊಸ ಸೂಟುಗಳ ಬೆಲೆ ನೋಡಿಯೇ ಬೆವರು ಬಂತು. ಅಗ್ಗದ್ದು ಒಂದೇ ಒಂದು ಸಿಕ್ಕಿತು. ಕೆಳಗೆ ಬರೆದಿತ್ತು: ಹೊಸದರಂತಿದೆ, ಮಾಲೀಕರಿಗೆ ಇನ್ನು ಬೇಕಾಗಿಲ್ಲ. ಯಾರೋ ಕೊಂಡು, ತೊಡದೆ ಇಟ್ಟುಬಿಟ್ಟಿದ್ದಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ತರಿಸಿದ.

ಪಾರ್ಸೆಲ್ ಬಂದದ್ದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ. ಸ್ಟಾಫ್ ರೂಮಿನಲ್ಲಿ ಇವರಿಬ್ಬರೇ. ಹೊರಗೆ ಮೋಡ ಕವಿದು, ಹಗಲಿನಲ್ಲೇ ಕತ್ತಲಾದ ಹಾಗಿತ್ತು. ಮರಿಸ್ವಾಮಿ ದಾರ ಕತ್ತರಿಸಿದ್ದೇ ತಡ, ಮಡಚಿಟ್ಟಿದ್ದ ರಬ್ಬರು ತಾನಾಗಿಯೇ ಬಿಚ್ಚಿಕೊಂಡು, ತಲೆಯಿಲ್ಲದ ಆಳೊಬ್ಬ ಎದ್ದು ಕೂತಂತೆ ಡಬ್ಬದಲ್ಲಿ ಎದ್ದು ಕೂತಿತು. ಅದರಿಂದ ಸಾಂಬ್ರಾಣಿಯ ವಾಸನೆ ಬರುತ್ತಿತ್ತು. ಮಂಡಿಯ ಹತ್ತಿರ ಸೈಕಲ್ ಟ್ಯೂಬಿನ ತೇಪೆ ಬೇರೆ. ಅದು ಕಂಪನಿಯವರೇ ಹಾಕಿರೋ ತೇಪೆ ಎಂದ ಮರಿಸ್ವಾಮಿ, ಹಾಕಿಕೊಂಡು ನೋಡಿಯೇ ಬಿಡಿ ಎಂದು ಗಂಟುಬಿದ್ದ.

ಬರಿಯ ಮೈ ಒಳಗೆ ಇಳಿಯಲಿಲ್ಲ. ಬೋರ್ಡಿನ ಕೆಳಗೆ ಉದುರಿದ್ದ ಸೀಮೆಸುಣ್ಣದ ಪುಡಿಯನ್ನೆಲ್ಲ ಮೈಗೆ ಬಳಿದು ತುರುಕಿದ್ದಾಯಿತು. ಜಿಪ್ಪು ಬೆನ್ನಿನ ಮೇಲೆ. ಮರಿಸ್ವಾಮಿ ಮೇಲಕ್ಕೆ ಎಳೆದ, ಅದರ ದಾರ ಕಿತ್ತು ಅವನ ಕೈಗೇ ಬಂತು. ಆಮೇಲೆ ಕೆಳಗೆ ಎಳೆಯುವುದಕ್ಕೆ ಹಿಡಿಯೇ ಇಲ್ಲ. ಕತ್ತರಿ ಹಾಕೋಣವೇ ಎಂದರೆ, ನಾಳೆಯದು ಬಿಟ್ಟು ಮುಂದಿನ ಭಾನುವಾರವೇ ಹೊರಡಬೇಕು, ಹಂಸಾಗೆ ಏನು ಹೇಳುವುದು? ಬೇಡ ಎಂದ ಚಕ್ರಪಾಣಿ. ಯಾರೋ ಹಿಂದಿನಿಂದ ತಬ್ಬಿಕೊಂಡು ನಿಂತಂತೆ ಅನ್ನಿಸುತ್ತಿತ್ತು. ಉಸಿರು ಬಿಗಿಹಿಡಿದರೂ ಸೂಟು ಮಾತ್ರ ಮೆಲ್ಲಗೆ ಏರಿಳಿಯುತ್ತಿದೆಯೇನೋ ಎಂದು ಭ್ರಮೆಯಾಯಿತು.

ನೀರಿಗಿಳಿದರೆ ಸಡಿಲವಾಗುತ್ತದೆ ಎಂದ ಮರಿಸ್ವಾಮಿ. ಸ್ಕೂಲ್ ಡೇ ನಾಟಕದ ಪರದೆ ಸುತ್ತಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಊರಾಚೆ ಜನ ಬಾರದ ಜಾಗದಲ್ಲಿ ಕಪಿಲಾ ಹೊಳೆಗೆ ಇಳಿಸಿದ. ಗಾಳಿ ನಿಂತುಹೋಗಿತ್ತು. ನೀರು ಕಪ್ಪಗಿತ್ತು. ಪಾಚಿಯ ಮೇಲೆ ಒಂದು ಹೆಜ್ಜೆ ಇಟ್ಟ ಚಕ್ರಪಾಣಿ ಸರ್ರನೆ ಜಾರಿದ. ಆದರೆ ಮುಳುಗಲಿಲ್ಲ. ಆ ರಬ್ಬರಿಗೆ ಮುಳುಗುವ ಗುಣವೇ ಇಲ್ಲ. ಕೈಕಾಲು ಚಾಚಿ, ಆಕಾಶ ನೋಡುತ್ತ, ಸದ್ದಿಲ್ಲದೆ ತೇಲಿಹೋದ. ಕೂಗೋಣವೆಂದರೆ ಹಲ್ಲು ಕಚ್ಚಿಕೊಂಡಿತ್ತು. ದಡದಲ್ಲಿ ಓಡಿಬರುತ್ತಿದ್ದ ಮರಿಸ್ವಾಮಿ ಮುಳ್ಳುಪೊದೆಯ ಹಿಂದೆ ಮರೆಯಾದ.

ತಿರುವಿನಾಚೆ, ಹದಿನಾರು ಎಂಬ ಊರಿನ ಒಂದು ಕುಟುಂಬ ಸತ್ತವನ ತಿಥಿ ಮಾಡುತ್ತ ಕೂತಿತ್ತು. ಸತ್ತವನು ರಂಗನಾಯಕ. ಹೊಳೆಯಲ್ಲಿ ಮುಳುಗಿದವರ ಹೆಣ ಎತ್ತಿಕೊಡುವುದೇ ಅವನ ಕಸುಬಾಗಿತ್ತು. ಎಲೆಯ ಮೇಲೆ ಎಡೆ ಇಟ್ಟು ಬಹಳ ಹೊತ್ತಾಗಿತ್ತು. ಹುಣಸೆಮರದ ತುಂಬ ಕಾಗೆಗಳು ಕೂತಿದ್ದವು, ಒಂದೂ ಕೂಗಲಿಲ್ಲ, ಒಂದೂ ಕೆಳಗಿಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಸತ್ತವನ ಅಣ್ಣ ದೊಡ್ಡಮಾದಯ್ಯ ಕೈಮುಗಿದು, ನಿನಗೇನು ಬೇಕೋ ಕೇಳು ಎಂದು ಹೊಳೆಯ ಕಡೆ ತಿರುಗಿ ಬೇಡಿಕೊಳ್ಳುತ್ತಿದ್ದ. ಆಗಲೇ ನೀರಿನಿಂದ ಕರೀ ಆಕಾರವೊಂದು ಎದ್ದು ನಿಂತಿತು. ಮಂಡಿಯ ಮೇಲೆ ತೇಪೆ.

ನೆಂಟರೆಲ್ಲ ಅಡ್ಡಬಿದ್ದರು. ಮಗ ಜಗನ್ ಹುಣಸೆಮರ ಹತ್ತಿಬಿಟ್ಟ. ರಂಗನಾಯಕನ ಹೆಂಡತಿ ಮಹದೇವಮ್ಮ ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ.

"ಬಂದ್ಯಾ?" ಎಂದಳು ಮೆಲ್ಲಗೆ.

"ಅದೇನ್ ಆಸೆ ಅದೋ ಬಾಯ್ಬುಟ್ ಯೋಳಪ್ಪ," ಎಂದ ದೊಡ್ಡಮಾದಯ್ಯ, ತಲೆ ಎತ್ತದೆ. "ನಡ್ಸ್ ಕೊಡ್ತೀವಿ."

ಚಕ್ರಪಾಣಿಯ ಹಲ್ಲು ಕಟಕಟ ಎನ್ನುತ್ತಿತ್ತು. "ಬೆನ್ನಿನ ಜಿಪ್ಪು... ಎಳೀರಿ," ಎಂದ.

"ಅದೇ ಮಾತು ಕಣ್ ಬಾವ," ಎಂದಳು ಮಹದೇವಮ್ಮ. "ನೀರಿಂದ ಎದ್ದೇಟ್ಗೆ ಮೊದ್ಲು ಅದ್ನೇ ಕೇಳ್ತಿದ್ದದ್ದು." ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ನೀರಿಗಿಳಿದು ಬಂದು, ಸೆರಗಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಜಿಪ್ಪಿನ ತೂತಿಗೆ ಹಾಕಿ, ಒಂದೇ ಸಲಕ್ಕೆ ಕೆಳಗೆಳೆದಳು. ಕರೀ ದೆವ್ವದೊಳಗಿಂದ ಮೈಯೆಲ್ಲ ಸೀಮೆಸುಣ್ಣ ಮೆತ್ತಿದ, ಜನಿವಾರ ಹಾಕಿದ, ಪಟ್ಟೆಪಟ್ಟೆ ಚಡ್ಡಿಯ ಬಿಳೀ ದೆವ್ವವೊಂದು ಈಚೆ ಬಂತು. ಅಡ್ಡಬಿದ್ದಿದ್ದವರು ಮತ್ತೊಮ್ಮೆ ಅಡ್ಡಬಿದ್ದರು.

ಅಪ್ಪನ ಸೂಟನ್ನು ಮಾರಿದವನು ತಾನೇ ಎಂದು ಜಗನ್ ಮರದ ಮೇಲಿಂದಲೇ ಒಪ್ಪಿಕೊಂಡ. ಅದನ್ನು ತೊಟ್ಟು ರಂಗನಾಯಕ ಎಷ್ಟು ಹೆಣ ಎತ್ತಿದ್ದ ಎಂಬ ಮಾತು ಕಿವಿಗೆ ಬಿದ್ದಾಗ ಚಕ್ರಪಾಣಿ ಮತ್ತೆ ಮೊಣಕಾಲುದ್ದ ನೀರಿಗಿಳಿದು ಮೈ ತಿಕ್ಕತೊಡಗಿದ. ಸೂಟು ನಿಮಗೇ ಇರಲಿ ಎಂದ. ಮಿಂದು ಹಳೇ ಬಟ್ಟೆಯನ್ನು ಹೊಳೆಗೆ ಬಿಡುವುದು ನಂಜನಗೂಡಿನ ವಾಡಿಕೆ. ಮಹದೇವಮ್ಮ ಸೂಟನ್ನು ಎದೆಗೊತ್ತಿಕೊಂಡು, ಆಮೇಲೆ ನೀರಿಗೆ ಬಿಟ್ಟಳು. ಅದು ಕೈಚಾಚಿಕೊಂಡು ತೇಲಿಹೋಗುತ್ತಿದ್ದಂತೆಯೇ ಒಂದು ಕಾಗೆ ಇಳಿದುಬಂದು ಎಡೆ ಮುಟ್ಟಿತು. ಅವನು ನಿಮ್ಮ ಮೈಮೇಲೆ ಬಂದಿದ್ದ ಎಂದು ದೊಡ್ಡಮಾದಯ್ಯ ಕೈಮುಗಿದು, ಮೇಷ್ಟರ ಹೆಸರು, ಊರು, ಮನೆ ಎಲ್ಲ ಕೇಳಿ ತಿಳಿದುಕೊಂಡ.

ಸ್ವಂತ ಬಟ್ಟೆ ಸ್ಟಾಫ್ ರೂಮಿನಲ್ಲೇ ಉಳಿದಿದ್ದರಿಂದ, ಕೊನೆಗೂ ಓಡಿಬಂದು ಸೇರಿದ ಮರಿಸ್ವಾಮಿಯ ಪ್ಯಾಂಟು ತೊಟ್ಟು ನರಸೀಪುರದ ಬಸ್ಸು ಹತ್ತಿದ ಚಕ್ರಪಾಣಿ, ಹಂಸಾಗೆ ಏನು ಸುಳ್ಳು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ. ಯೋಚಿಸಬೇಕಾಗಿರಲಿಲ್ಲ. ತನ್ನ ತಪ್ಪು ಮುಚ್ಚಿಕೊಳ್ಳಲು ಮರಿಸ್ವಾಮಿ ಆಗಲೇ ಫೋನು ಮಾಡಿ, ನಿಮ್ಮೆಜಮಾನ್ರು ತುಂಬಿದ ಕಪಿಲೆಯನ್ನು ಈಜಿ ಬಿಸಾಕಿದರು ಎಂದುಬಿಟ್ಟಿದ್ದ. ಹಂಸಾ ಬಾಗಿಲಲ್ಲೇ ನಿಂತಿದ್ದಳು. ಅವಳು ಅವನನ್ನು ಹಾಗೆ ನೋಡಿದ್ದೇ ಇಲ್ಲ. ತೇಲಿದ್ದು ನಾನಲ್ಲ ಕಣೇ, ಸೂಟು, ಎಂಬ ಮಾತು ಗಂಟಲಿಗೆ ಬಂದದ್ದನ್ನು ಅವನು ಸಾರಿನ ಜೊತೆ ನುಂಗಿಕೊಂಡ. ಸೂಟೂ ತೊಲಗಿತು, ಮಾನವೂ ಉಳಿಯಿತು, ಮುಂದಿನ ವಾರಕ್ಕೆ ಒಂದು ಜ್ವರ ಬರಿಸಿಕೊಂಡರಾಯಿತು ಎಂದು ಹಾಯಾಗಿ ಮಲಗಿದ.

ಬೆಳಿಗ್ಗೆ ಪಕ್ಕದ ಮನೆಯ ಭಾಗೀರಥಮ್ಮ ಓಡಿಬಂದು, ನಿಮ್ಮ ಮನೆ ಮುಂದೆ ಪೊಲೀಸ್ ಜೀಪು ನಿಂತಿದೆ ಎಂದರು. ಕಾನ್‌ಸ್ಟೇಬಲ್ ನಂಜುಂಡನ ಪಕ್ಕದಲ್ಲಿ ದೊಡ್ಡಮಾದಯ್ಯ. ಅವನ ಹೆಗಲ ಮೇಲೆ ನೀರು ತೊಟ್ಟಿಕ್ಕುವ ಕರೀ ಸೂಟು.

"ರಾತ್ರಿಯೆಲ್ಲ ತೇಲ್ಕಂಡ್ ಬಂದು ನಿಮ್ಮನೆ ಕೆಳಗಿನ ಮೆಟ್ಲಿಗೇ ಒರಗ್ಕಂಡ್ ಕುಂತದೆ ಕಣ್ ಸಾ," ಎಂದ ದೊಡ್ಡಮಾದಯ್ಯ. "ಸಂಗಮದ ಮಡೂಲಿ ಒಬ್ಬ ಮುಳುಗೋಗವ್ನೆ. ಎತ್ತೋಕೆ ರಂಗನಾಯ್ಕ ಇಲ್ಲ. ನಿಮ್ಮನ್ ಬುಟ್ರೆ ಇನ್ಯಾರವ್ರೆ?"

ಬೀದಿಯೆಲ್ಲ ಸೇರಿತ್ತು. ಬೇಡ ಅನ್ನು, ದಯವಿಟ್ಟು ಒಂದು ಸಲ ಬೇಡ ಅನ್ನು, ಎಂದು ಚಕ್ರಪಾಣಿ ಹೆಂಡತಿಯ ಮುಖ ನೋಡಿದ. ಹಂಸಾ ಹಿಡಿಯಿಲ್ಲದ ಜಿಪ್ಪನ್ನು ನೋಡಿ, ಸೆರಗು ಸಿಕ್ಕಿಸಿಕೊಂಡು, ಬಳೆಯಿಂದ ಪಿನ್ನು ತೆಗೆಯುತ್ತಿದ್ದಳು. ಅವಳ ಮುಖ ಹೆಮ್ಮೆಯಿಂದ ಕೆಂಪಾಗಿತ್ತು.

"ಹಾಕ್ಕೊಂಡು ತಿರುಗಿ ನಿಂತ್ಕೊಳ್ಳಿ," ಎಂದಳು. "ಜಿಪ್ಪು ನಾನು ಎಳೀತೀನಿ."

ಚಕ್ರಪಾಣಿ ಕಣ್ಣು ಮುಚ್ಚಿಕೊಂಡು ಒಂದು ಕಾಲನ್ನು ಸೂಟಿನೊಳಗೆ ಇಳಿಬಿಟ್ಟ. ರಾತ್ರಿಯೆಲ್ಲ ಹೊಳೆಯಲ್ಲಿ ನೆಂದಿದ್ದರೂ, ಯಾರೋ ಆಗ ತಾನೇ ಬಿಚ್ಚಿಕೊಟ್ಟ ಹಾಗೆ ಅದರ ಒಳಗೆ ಬೆಚ್ಚಗಿತ್ತು.