ಸೊಪ್ಪು ನೋಡುವ ಶಾಸ್ತ್ರ

ಒಳಕೋಣೆಯಲ್ಲಿ ಮಳೆ ನಿಂತಿತು. ಮಾಹ್ಕಮ್ ಮೇಷ್ಟ್ರ ಎದೆ ಧಸಕ್ಕೆಂದಿತು.

ಹೊರಗೆ ಫರ್ಗಾನಾ ಕಣಿವೆಯ ಬಿಸಿಲು ಚುರುಗುಟ್ಟುತ್ತಿತ್ತು. ಒಳಗಿನ ಮಳೆ ಎಂದರೆ ರೇಷ್ಮೆಹುಳುಗಳು ಸೊಪ್ಪು ತಿನ್ನುವ ಸದ್ದು. ಸದ್ದು ನಿಂತರೆ ಹಸಿವು. ಕೊನೆಯ ಜ್ವರ ಎದ್ದ, ಅಂದರೆ ಕಡೇ ಸಲ ಪೊರೆ ಕಳಚಿದ ಹುಳುಗಳು, ಮದುವೆಮನೆಯ ಕಡೇ ಪಂಕ್ತಿಯವರ ಹಾಗೆ, ಹಾಕಿದ್ದನ್ನೆಲ್ಲ ಮುಗಿಸಿ ಬಡಿಸುವವನ ಮುಖ ನೋಡುತ್ತಿದ್ದವು.

ಮೇಷ್ಟ್ರು ಆಸೆಪಟ್ಟು ಸಾಕಿದ್ದಲ್ಲ. ಸರ್ಕಾರದ ಯೋಜನೆ, ಮನೆಮನೆಗೂ ಮೊಟ್ಟೆ ಹಂಚಿದ್ದರು. ಶಾಲೆಯಲ್ಲಿ ಜನ್ಮವಿಡೀ ರೇಷ್ಮೆ ದಾರಿಯ ಪಾಠ ಮಾಡಿದವರಿಗೆ, ಆ ದಾರಿ ತಮ್ಮ ಮನೆಯ ಒಳಗೇ ಹಾಯುತ್ತದೆಂದು ಗೊತ್ತಿರಲಿಲ್ಲ. ಮೂಗಿನಲ್ಲೇ ಮಾತಾಡುವ ಜಿಲ್ಲಾ ಸಾಹೇಬರು ಬೇರೆ ಹೇಳಿಹೋಗಿದ್ದರು: "ಮೇಂಷ್ಟ್ರೇ, ರೇಷ್ಮೆ ಗೂಂಡು ಕಮ್ಮಿಯಾದ್ರೆ ಹಿತ್ತಲ ತೋಂಟ ಸರ್ಕಾರಕ್ಕೆ ವಾಪಸ್ಸು."

ಮನೆ ನಡೆಯುತ್ತಿದ್ದುದೇ ಆ ತೋಟದ ಆಲೂಗಡ್ಡೆಯಲ್ಲಿ. ರಸ್ತೆಬದಿಯ ಹಿಪ್ಪುನೇರಳೆ ಮರಗಳೆಲ್ಲ ಸೈನ್ಯಕ್ಕೆ ಸೇರಿದ ಹುಡುಗರ ತಲೆಯಂತೆ ಬೋಳಾಗಿದ್ದವು. ಎಲೆ ಉಳಿದಿದ್ದದ್ದು ಅಂಗಳದ ಒಂದೇ ಮರದಲ್ಲಿ. ಇವತ್ತು ಅದನ್ನು ಮುಟ್ಟುವಂತಿಲ್ಲ ಎಂದು ಪಕ್ಕದ ಮನೆಯ ಖೊಲಿದಾ ಅಪ್ಪಣೆ ಮಾಡಿದ್ದಳು. ಮಗಳು ಮುನೀರಾಗೆ ಸಂಬಂಧ ತಂದವಳು ಅವಳೇ. ಮೇಷ್ಟ್ರು ಅವಳಿಗೆ 'ಅಕಾ', ಅಂದರೆ ಅಣ್ಣ.

"ಗಂಡಿನಪ್ಪನಿಗೆ ನೆರಳಿರೋ ಮನೆ ಅಂದ್ರೆ ಪ್ರಾಣ, ಮಾಹ್ಕಮ್ ಅಕಾ. ರೊಟ್ಟಿ ಮುರಿದು ಸಂಬಂಧ ಗಟ್ಟಿ ಮಾಡೋವರೆಗೆ ಒಂದೆಲೆ ಕಿತ್ತೀರಿ, ಜೋಕೆ. ಅವರ ಹೊಲದ ಸುತ್ತ ಸಾಲಿಗೆ ಹಿಪ್ಪುನೇರಳೆ ಐತೆ. ಸಂಜೆಯಿಂದ ಬೀಗರ ಸೊಪ್ಪೆಲ್ಲ ನಿಮ್ಮದೇ."

"ಹುಡುಗ ನನಗೆ ಒಪ್ಪಿಗೆ," ಅಂದಳು ಮುನೀರಾ. "ಹುಳದ ಒಪ್ಪಿಗೆ ನೀವು ನೋಡ್ಕೊಳ್ಳಿ ಅಪ್ಪಾ."

ಗಂಡಿನ ತಂದೆ ಸೊಬಿರ್ ಕಾರಿನಲ್ಲಿ ಬಂದಿಳಿದರು. ಮರದಡಿಯ ಮಂಚದ ಮೇಲೆ ಕೂತವರು ಹೆಣ್ಣನ್ನು ನೋಡಿದ್ದು ಒಂದು ಸಲ, ಮರವನ್ನು ನೋಡಿದ್ದು ಹತ್ತು ಸಲ.

ಆಗಲೇ ಮಳೆ ನಿಂತದ್ದು.

"ಚಹಾ ತರ್ತೀನಿ," ಎಂದು ಎದ್ದ ಮೇಷ್ಟ್ರು ಗೋಡೆ ಹಿಂದಿನಿಂದ ಮರ ಹತ್ತಿ, ಒಂದು ಕೊಂಬೆ ಕಡಿದು, ಕಿಟಕಿಯಿಂದ ಹುಳುಗಳ ಮೇಲೆ ಎಸೆದು, ಏದುಸಿರು ಬಿಡುತ್ತಾ ಚಹಾದೊಂದಿಗೆ ಬಂದರು. ಮಳೆ ಶುರುವಾಯಿತು.

"ಚೆನ್ನಾಗಿ ತಿಂತಾವೆ," ಸೊಬಿರ್ ತಲೆದೂಗಿದರು. ಅವರ ಟೊಪ್ಪಿಗೆಯ ಮೇಲೆ ಬಿಸಿಲಿನ ಒಂದು ತುಣುಕು ಬಿತ್ತು.

ಎರಡನೆಯ ಚಹಾಕ್ಕೆ ಬಿಸಿಲು ಮೂಗಿಗಿಳಿಯಿತು. ಮೂರನೆಯದಕ್ಕೆ ಬೀಗರು ಮಂಚದ ಆ ತುದಿಗೆ ಸರಿದರು. ಖೊಲಿದಾ ಹಲ್ಲು ಕಡಿದು ಸನ್ನೆ ಮಾಡಿದಳು. ಮೇಷ್ಟ್ರು ಮತ್ತೆ ಏಳುವಷ್ಟರಲ್ಲಿ ಸೊಬಿರ್ ಅವರ ರಟ್ಟೆ ಹಿಡಿದರು.

"ಬೇಡ ಅಕಾ. ನಂಗೆ ಚಹಾ ಸಾಕು."

"ಇನ್ನೊಂದೇ ಬಟ್ಟಲು..."

"ದಮ್ಮಯ್ಯ, ಬೇಡ."

ಬೀಗರು ಮುನಿದರು ಎಂದುಕೊಂಡರು ಮೇಷ್ಟ್ರು. ಅಷ್ಟರಲ್ಲಿ ಅವರ ಹೆಗಲ ಮೇಲಿಂದ ಒಂದು ದಪ್ಪ ಹುಳು ಪಲಾವಿನ ತಟ್ಟೆಗೆ ಇಣುಕಿತು. ಸೊಬಿರ್ ಅದನ್ನು ಹೂವಿನಂತೆ ಎತ್ತಿಕೊಂಡರು.

"ಪಾಪ, ಹಸಿದಿದೆ," ಅಂದವರೇ ರೊಟ್ಟಿ ಕೈಗೆತ್ತಿಕೊಂಡರು. "ತಡ ಯಾಕೆ, ಮುರಿದುಬಿಡೋಣ."

ರೊಟ್ಟಿ ಎರಡಾಯಿತು, ಎರಡು ಮನೆ ಒಂದಾಯಿತು. ಮೇಷ್ಟ್ರು ಆ ಚೂರನ್ನು ನುಂಗುವ ಮೊದಲೇ ಕೇಳಿಬಿಟ್ಟರು: "ಬೀಗರೇ, ತಪ್ಪು ತಿಳೀಬೇಡಿ. ನಿಮ್ಮ ಹೊಲದ ಸುತ್ತಲಿನ ಸೊಪ್ಪು..."

"ಯಾವ ಸೊಪ್ಪು? ಅದು ಖಾಲಿಯಾಗಿ ವಾರ ಆಯ್ತು. ನಿಮ್ಮನೇಲಿ ದೊಡ್ಡ ಮರ ಇದೆ, ಮುಟ್ಟೋರೇ ಇಲ್ಲ ಅಂತ ಖೊಲಿದಾ ಹೇಳಿದ್ಳಲ್ಲ?"

ಇಬ್ಬರೂ ಖೊಲಿದಾಳತ್ತ ತಿರುಗಿದರು. ಆಕೆ ಆ ಕ್ಷಣವೇ ತನ್ನ ಕೋಳಿಗಳ ನೆನಪಾಗಿ ಬೇಲಿ ದಾಟುತ್ತಿದ್ದಳು.

"ಚಹಾಕ್ಕೊಂದು ಕೊಂಬೆ ಹೋಗ್ತಾ ಇರೋದು ನೋಡಿ ಹೊಟ್ಟೆ ಉರೀತು, ಬೀಗರೇ," ಸೊಬಿರ್ ಅವರನ್ನು ಗೇಟಿನತ್ತ ನಡೆಸಿಕೊಂಡು ಹೋದರು. "ಅದಕ್ಕೇ ಬೇಡ ಬೇಡ ಅಂದಿದ್ದು. ನಮ್ಮ ಪಾಲಿಗೆ ನಾಲ್ಕಾದ್ರೂ ಉಳೀಲಿ ಅಂತ."

"ನಿಮ್ಮ ಪಾಲಿಗೆ?"

ಸೊಬಿರ್ ಕಾರಿನ ಡಿಕ್ಕಿ ಎತ್ತಿದರು. ಒಂದರ ಮೇಲೊಂದು ಹುಳುವಿನ ತಟ್ಟೆಗಳು. ಎಲೆಯಿಲ್ಲ, ಸದ್ದಿಲ್ಲ.

"ಇಳಿಸ್ಲಾ? ಬೀಗರಾದ ಮೇಲೆ ನಿಮ್ಮದು ನಮ್ಮದು ಅಂತ ಏನಿದೆ."

ರೊಟ್ಟಿ ಮುರಿದಾಗಿತ್ತು, ಇಲ್ಲವೆನ್ನುವ ಹಾಗಿರಲಿಲ್ಲ. ಒಳಕೋಣೆಯಲ್ಲಿ ಮಳೆ ಮತ್ತೆ ನಿಂತಿತು. ಮೇಷ್ಟ್ರು ಕೈ ಚಾಚಿ ಮೊದಲ ತಟ್ಟೆ ಹಿಡಿದರು. ಅದರ ತುಂಬಾ ಹುಳುಗಳು ಒಟ್ಟಿಗೆ ತಲೆಯೆತ್ತಿ, ಹೊಸ ಮಾವನ ಮುಖ ನೋಡಿದವು.